ಖಡೇಬಜಾರೋ, ಹೊಸ ಮಾಲೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ ಬೆನ್ನು ಹತ್ತಿವೆ. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಫ್ಲ್ಯಾಟು ಇರುವ ಹೊಸ ಮಾಲುಗಳು ಒಳ್ಳೆಯವೋ, ಬೆಳಗಾವಿಯ ಖಡೇಬಜಾರಿನಂಥ ನಮ್ಮ ಹಳೆ ಪೇಟೆ ಒಳ್ಳೆಯದೋ? ಬೆಳಗಾವಿಯ ಪತ್ರಗಳೇ ಜಾಸ್ತಿ, ಬಾಗಲಕೋಟೆಯಿಂದ ಒಂದು. ಹಲವರು ಹೆಸರು ಬೇಡವೆಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಖಡೇಬಜಾರದಾಗ ನಮ್ಮದು ರೆಡಿಮೇಡ್ ಬಟ್ಟಿ ಅಂಗಡಿ. 300 ಅಡಿಗೆ ತಿಂಗಳಿಗೆ 27 ಸಾವಿರ ಬಾಡಗಿ, ಅಂದ್ರ ಅಡಿಗೆ 90. ಊರ ಹೊರಗ ಏಳಾಕತ್ತಿರೋ ಹೊಸ ಮಾಲಿನವರು 700 ಅಡಿ ಕೊಡತೀವಿ, ಅಡಿಗೆ 60 ಅಂತಾರ. ಅದೇ ಅಗ್ಗ ಅಲ್ಲೇನ್ರಿ? (ಬಟ್ಟೆ ವ್ಯಾಪಾರಿ, ಬೆಳಗಾವಿ)

ಅಗ್ಗ ಅಲ್ಲ. ನಿಮ್ಮ 300 ಅಡಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆದದ್ದು. ಅವರ 700 ಅಡಿ ಸೂಪರ್ ಬಿಲ್ಟಪ್. ಪಡಸಾಲೆ, ಎಸ್ಕಲೇಟರ್, ಲಿಫ್ಟು, ಶೌಚಾಲಯ, ಯಂತ್ರಗಳ ಕೋಣೆ ಎಲ್ಲದರಲ್ಲೂ ನಿಮ್ಮ ಪಾಲು ಅದರೊಳಗೆ ಸೇರಿದೆ. ಮಾಲುಗಳಲ್ಲಿ ಕಾರ್ಪೆಟ್ ಏರಿಯಾ, ಅಂದರೆ ನೀವು ರ‍್ಯಾಕು ಇಡಬಹುದಾದ ನೆಲ, ಸಾಮಾನ್ಯವಾಗಿ ಇದರ ಶೇ. 55-60 ಮಾತ್ರ. 400 ಅಡಿ ಸಿಗುತ್ತದೆ ಎಂದು ಹಿಡಿಯೋಣ.

ಈಗ ಲೆಕ್ಕ ಹಾಕಿ. 700 ಅಡಿಗೆ 60ರಂತೆ ಬಾಡಿಗೆ 42,000. ಅದರ ಮೇಲೆ ಕಾಮನ್ ಏರಿಯಾ ಮೇಂಟೆನೆನ್ಸ್, ವ್ಯಾಪಾರಿಗಳ ಬಾಯಲ್ಲಿ ‘ಕ್ಯಾಮ್’. ಅದು ಅಡಿಗೆ 14 ಎಂದಿಟ್ಟುಕೊಂಡರೆ 9,800. ಒಟ್ಟು 51,800. ಇದನ್ನು ನೀವು ನಿಜವಾಗಿ ಬಳಸುವ 400 ಅಡಿಗೆ ಭಾಗಿಸಿದರೆ ಅಡಿಗೆ 129 ರೂಪಾಯಿ 50 ಪೈಸೆ. ನೀವು ಈಗ ಕೊಡುತ್ತಿರುವುದು 90. ಇನ್ನು ಶೇ. 18 ಜಿಎಸ್‌ಟಿ 9,324 ಬೇರೆ. ಕರೆಂಟು ಹೋದಾಗ ಜನರೇಟರ್ ಯೂನಿಟ್ಟಿನ ದರ ಹೆಸ್ಕಾಂ ದರಕ್ಕಿಂತ ಎಷ್ಟೋ ಪಟ್ಟು. ಅದನ್ನೂ ಕೇಳಿ ಬರೆಸಿಕೊಳ್ಳಿ.

ಜಿಎಸ್‌ಟಿ ವಿಷಯದಲ್ಲಿ ಹಳೆ ಪೇಟೆಯವರೂ ಒಂದು ಕಡೆ ಎಡವುತ್ತಾರೆ. ನಿಮ್ಮ ಮಾಲೀಕರು ನೋಂದಣಿ ಮಾಡಿಸಿಲ್ಲ, ನೀವು ಮಾಡಿಸಿದ್ದೀರಿ ಎಂದರೆ 2024ರ ಅಕ್ಟೋಬರ್ 10ರಿಂದ ಆ ಶೇ. 18ನ್ನು ನೀವೇ ಕಟ್ಟಬೇಕು. 27,000ಕ್ಕೆ 4,860. ಮೊದಲು ನಗದಾಗಿ ಕಟ್ಟಿ, ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು, ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬೇಕು. ಕಾಂಪೊಸಿಷನ್ ವ್ಯಾಪಾರಿಗಳನ್ನು, ಅಂದರೆ ವಹಿವಾಟಿನ ಮೇಲೆ ಸಣ್ಣ ನಿಗದಿ ದರದ ತೆರಿಗೆ ಕಟ್ಟುವವರನ್ನು, 2025ರ ಜನವರಿಯಿಂದ ಇದರಿಂದ ಬಿಟ್ಟಿದ್ದಾರೆ.

ಬಟ್ಟೆ ವ್ಯಾಪಾರದಲ್ಲಿ ಬಾಡಿಗೆ ಮತ್ತು ಕ್ಯಾಮ್ ಸೇರಿ ಮಾರಾಟದ ಶೇ. 15 ದಾಟಿದರೆ ಗಲ್ಲಾ ಸೋರುತ್ತದೆ ಎಂಬುದು ಒರಟು ಲೆಕ್ಕ. ಕಿರಾಣಿಗೆ ಶೇ. 5 ಕೂಡ ಭಾರ. ನಿಮ್ಮ ಈಗಿನ ಅಂಗಡಿಗೆ ತಿಂಗಳಿಗೆ 1 ಲಕ್ಷ 80 ಸಾವಿರ ಮಾರಾಟ ಸಾಕು. ಅಲ್ಲಿ ಸುಮಾರು 3 ಲಕ್ಷ 45 ಸಾವಿರ ಬೇಕು, ಅಂದರೆ ಮಳೆ ಇರಲಿ ಬಿಸಿಲಿರಲಿ ದಿನಕ್ಕೆ ಹನ್ನೊಂದೂವರೆ ಸಾವಿರ. ನಿಮ್ಮ ಗಿರಾಕಿಗಳು ಖಾನಾಪುರ, ಬೈಲಹೊಂಗಲ, ಚಂದಗಡ ಕಡೆಯಿಂದ ಬಸ್ಸಿಳಿದು ಬರುವವರಾದರೆ ಅವರು ಊರ ಹೊರಗಿನ ಮಾಲಿಗೆ ಮತ್ತೊಂದು ಆಟೋ ಹಿಡಿದು ಬರುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಆದರೂ ಹೋಗುವುದೇ ಆದರೆ ಕರಾರಿನಲ್ಲಿ ಮೂರು ಮಾತು ಗಟ್ಟಿಯಾಗಿ ಹಾಕಿಸಿ. ಬಾಡಿಗೆ ಶುರುವಾಗುವುದು ಕೀಲಿ ಕೊಟ್ಟ ದಿನದಿಂದಲ್ಲ, ಮಾಲಿನ ದೊಡ್ಡ ಅಂಗಡಿ ಬಾಗಿಲು ತೆರೆದ ದಿನದಿಂದ. ಜನರನ್ನು ಎಳೆದು ತರುವುದು ಅದೇ, ನೀವಲ್ಲ. ಅರ್ಧದಷ್ಟು ಅಂಗಡಿಗಳು ಖಾಲಿ ಇರುವವರೆಗೆ ನಿಗದಿ ಬಾಡಿಗೆ ಬೇಡ, ಮಾರಾಟದ ಮೇಲೆ ಶೇಕಡಾವಾರು ಸಾಕು. ಆ ಮಾರಾಟವನ್ನು ಜಿಎಸ್‌ಟಿ ಮತ್ತು ವಾಪಸು ಬಂದ ಸರಕು ಕಳೆದೇ ಎಣಿಸಬೇಕು. ಮೂರನೆಯದು ಲಾಕ್-ಇನ್. ನೀವು 3 ವರ್ಷ ಬಿಡುವಂತಿಲ್ಲ ಎಂದರೆ ಅವರೂ 3 ವರ್ಷ ಎಬ್ಬಿಸುವಂತಿಲ್ಲ ಎಂದಿರಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬರೀ ಸ್ಟಾಂಪ್ ಪೇಪರಿನ ಮೇಲೆ ಬರೆದರೆ ಜಗಳದ ದಿನ ಅದು ಕೈಕೊಡುತ್ತದೆ.

ಇನ್ನೊಂದು ಮಾತು, ಕಹಿ. ‘ನಮ್ಮದು ಹಳೆ ಬಾಡಿಗೆ, ಯಾರೂ ಎಬ್ಬಿಸಲಾರರು’ ಎಂಬ ಧೈರ್ಯ ಪೇಟೆಯಲ್ಲಿ ಬಹಳ ಜನರಿಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್, ಅಂದರೆ ಸುಮಾರು 150 ಅಡಿಗಿಂತ ದೊಡ್ಡ ಅಂಗಡಿಗೆ ಅನ್ವಯಿಸುವುದೇ ಇಲ್ಲ. ನಿಮ್ಮದು 300. ಬರಹದ ಕರಾರಿಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ಮಾಲಿಗೆ ಹೋದರೂ ಸರಿ, ಬಿಟ್ಟರೂ ಸರಿ, ಇಲ್ಲಿಯ ಕರಾರನ್ನು ಈ ತಿಂಗಳೇ ನೋಂದಾಯಿಸಿ.

ನಿವೃತ್ತಿ ಹಣ ಬಂದಿದೆ. ಹೊಸ ಕಾಂಪ್ಲೆಕ್ಸಿನ ಎರಡನೆಯ ಮಹಡಿಯಲ್ಲಿ 150 ಅಡಿ ಅಂಗಡಿ ಖರೀದಿಸಿದರೆ ಕಟ್ಟಡ ಮುಗಿಯುವ ತನಕವೂ ‘ಖಾತ್ರಿ ಬಾಡಿಗೆ’ ಕೊಡುತ್ತೇವೆ ಎನ್ನುತ್ತಾರೆ. ಕೊಳ್ಳಬಹುದೇ? (ನಿವೃತ್ತ ಶಿಕ್ಷಕಿ, ಟಿಳಕವಾಡಿ)

ಬೇಡ ಮೇಡಂ. ಇನ್ನೂ ಏಳದ ಕಟ್ಟಡ ಬಾಡಿಗೆ ಗಳಿಸುವುದಿಲ್ಲ. ಅವರು ತಿಂಗಳು ತಿಂಗಳು ಕೊಡುವುದು ನಿಮ್ಮದೇ ಹಣದ ತುಣುಕು, ಇಲ್ಲವೇ ನಿಮ್ಮ ನಂತರ ಕೊಂಡವರದು.

ಅದು ಪ್ರಾಮಾಣಿಕ ಯೋಜನೆಯೇ ಆಗಿದ್ದರೂ ಚೂರು ಚೂರಾಗಿ ಮಾರಿದ ಮಾಲು ಓಡುವುದು ಕಷ್ಟ. ಒಬ್ಬನೇ ಒಡೆಯನಿದ್ದರೆ ದೊಡ್ಡ ಅಂಗಡಿಗೆ ಕಡಿಮೆ ಬಾಡಿಗೆಗೆ ಜಾಗ ಕೊಟ್ಟು, ಅದರಿಂದ ಬಂದ ಜನಸಂದಣಿಯನ್ನು ಸಣ್ಣ ಅಂಗಡಿಗಳಿಗೆ ತುಟ್ಟಿಗೆ ಮಾರುತ್ತಾನೆ. ಮಾಲಿನ ಹೂರಣ ಇಷ್ಟೇ. ಇನ್ನೂರು ಜನ ಒಡೆಯರಿದ್ದರೆ ಈ ಆಟ ನಡೆಯುವುದಿಲ್ಲ. ಒಬ್ಬರು ಮೊಬೈಲ್ ಕವರಿಗೆ ಕೊಡುತ್ತಾರೆ, ಇನ್ನೊಬ್ಬರು ಗೋಡೌನಿಗೆ, ಮತ್ತೊಬ್ಬರು ಬೀಗ ಹಾಕಿ ಪುಣೆಯಲ್ಲಿರುತ್ತಾರೆ. ಆರು ತಿಂಗಳಿಗೆ ಎರಡನೆಯ ಮಹಡಿಯ ಎಸ್ಕಲೇಟರ್ ನಿಲ್ಲುತ್ತದೆ, ಏಕೆಂದರೆ ಅದರ ವಿದ್ಯುತ್ ಬಿಲ್ಲಿಗೆ ಪಾಲು ಹಾಕುವವರಿಲ್ಲ. ಎಸ್ಕಲೇಟರ್ ನಿಂತ ಮಹಡಿಗೆ ಗಿರಾಕಿ ಹತ್ತುವುದಿಲ್ಲ.

ಮನಸ್ಸು ತಡೆಯದಿದ್ದರೆ ಇಷ್ಟು ನೋಡಿ: ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ (ತೀರ ಚಿಕ್ಕ ಯೋಜನೆಗಳನ್ನು ಬಿಟ್ಟು ಕಡ್ಡಾಯ), ಕರಾರಿನಲ್ಲಿ ಕಾರ್ಪೆಟ್ ಏರಿಯಾದ ಅಳತೆ, ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು. ಸ್ವಾಧೀನ ಪತ್ರ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಅದೇ ಹಣಕ್ಕೆ ಊರೊಳಗೆ ರಸ್ತೆಗೆ ಮುಖ ಮಾಡಿದ ಚಿಕ್ಕ ಅಂಗಡಿ ಸಿಕ್ಕರೆ ಅದೇ ವಾಸಿ. 10 ಅಡಿ ಮುಖವಿದ್ದರೂ ಮುಖ ರಸ್ತೆಗೇ ಇರಲಿ.

ಖಡೇಬಜಾರದಾಗ ವಾಹನ ಬಂದ್ ಮಾಡಿ ನಡಿಯೂ ರಸ್ತಾ ಮಾಡಬೇಕು ಅಂತ ಕೆಲವರು, ಮಾಡಿದ್ರ ವ್ಯಾಪಾರ ಮುಳುಗತೈತಿ ಅಂತ ಕೆಲವರು. ಖರೇ ಏನ್ರಿ? (ಪಾದರಕ್ಷೆ ವ್ಯಾಪಾರಿ, ಬೆಳಗಾವಿ)

ನೀವು ಕೇಳಿದ್ದು ನಗರದ ಖಡೇಬಜಾರ್, ಶಹಾಪುರದ್ದಲ್ಲ ಎಂದುಕೊಂಡು ಉತ್ತರಿಸುತ್ತಿದ್ದೇವೆ.

ವಾದ ಮಾಡುವ ಮೊದಲು ಎಣಿಸಿ. ಒಂದು ಶನಿವಾರ, ಒಂದು ಸಾದಾ ದಿನ. ಬೆಳಗ್ಗೆ 11ರಿಂದ 1, ಸಂಜೆ 5ರಿಂದ 8. ರಸ್ತೆಯ ಎರಡೂ ತುದಿಗೆ ಒಬ್ಬೊಬ್ಬರು, ಕೈಯಲ್ಲಿ ಹಾಳೆ. ಪ್ರತಿ ಗಂಟೆಯಲ್ಲಿ 15 ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ನಡೆಯುವವರು, ನಿಂತ ಬೈಕು, ನಿಲ್ಲದೆ ಹಾದುಹೋದ ಬೈಕು, ಆಟೋ, ಕಾರು, ಹೀಗೆ ಐದು ಗೆರೆ. ನಿಲ್ಲದೆ ಹಾದುಹೋಗುವವರ ಸಂಖ್ಯೆ ನೋಡಿ ನಿಮಗೇ ಆಶ್ಚರ್ಯವಾದೀತು. ಅವರು ನಿಮ್ಮ ಗಿರಾಕಿಗಳಲ್ಲ, ನಿಮ್ಮ ಹಾರ್ನು. ಜೊತೆಗೆ ಒಂದು ವಾರ ಪ್ರತಿ ಬಿಲ್ಲಿನ ಮೂಲೆಯಲ್ಲಿ ಗಿರಾಕಿ ಹೇಗೆ ಬಂದರು ಎಂದು ಒಂದಕ್ಷರ ಬರೆಯಿರಿ: ನಡೆದು ‘ನ’, ಬೈಕಿಗೆ ‘ಬೈ’, ಬಸ್ಸಿಗೆ ‘ಬ’, ಕಾರಿಗೆ ‘ಕಾ’. ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಹೀಗೆ ಲೆಕ್ಕ ಹಾಕಿದಾಗ ಅಂಗಡಿಯವರು ಶೇ. 41 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದುಕೊಂಡಿದ್ದರು, ನಿಜವಾಗಿ ಬಂದವರು ಶೇ. 22.

ಈಗ ಅಂಗಡಿಯ ಮುಂದೆ ನಿಂತು ನೋಡೋಣ. ಅಂಗಡಿಯ ಮುಖ 12 ಅಡಿ. ರಸ್ತೆಗುಂಟ ನಿಂತ ಒಂದು ಕಾರು, ಹಿಂದೆ ಮುಂದೆ ತಿರುಗಿಸುವ ಜಾಗ ಸೇರಿ, 18ರಿಂದ 20 ಅಡಿ ನುಂಗುತ್ತದೆ. ಅಂದರೆ ಒಂದು ಕಾರು ಒಂದೂವರೆ ಅಂಗಡಿಯ ಶೋಕೇಸನ್ನು ಮುಚ್ಚುತ್ತದೆ. ಅದೇ 20 ಅಡಿಯಲ್ಲಿ ಎರಡೂವರೆ ಅಡಿಗೊಂದರಂತೆ ಎಂಟು ಬೈಕು ನಿಲ್ಲುತ್ತವೆ. ಬೆಳಗ್ಗೆ 10ರಿಂದ ರಾತ್ರಿ 9ರವರೆಗೆ ಅಲ್ಲಾಡದೆ ನಿಂತ ಕಾರು 11 ಗಂಟೆ ತಿಂದಂತಾಯಿತು. ಅರ್ಧ ಗಂಟೆಗೊಬ್ಬರು ಬದಲಾಗಿದ್ದರೆ 22 ಗಿರಾಕಿಗಳ ಕಾರು ಅಲ್ಲಿ ನಿಲ್ಲುತ್ತಿತ್ತು. ಬಹಳ ಸಲ ಆ ಕಾರು ಅಂಗಡಿಯವರದ್ದೇ ಆಗಿರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಪೂರ್ತಿ ಬಂದ್ ಒಂದೇ ದಾರಿಯಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ 2021ರಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಲ್ಲಿಸಿದರು. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ವಾಹನಕ್ಕೆ ಸಣ್ಣ ದಾರಿ ಬಿಟ್ಟು ಫುಟ್‌ಪಾತನ್ನು ಭಾರಿ ಅಗಲ ಮಾಡಿದರು. ಖಡೇಬಜಾರಿಗೆ ನಮ್ಮ ಅಭಿಪ್ರಾಯ ಇದು: ಮೊದಲು ಶನಿವಾರ ಮತ್ತು ರವಿವಾರ ಸಂಜೆ 5ರಿಂದ 9, ಜೊತೆಗೆ ಗಣೇಶ ಚೌತಿ, ದೀಪಾವಳಿಯ ಹಿಂದಿನ ಹತ್ತು ಹತ್ತು ದಿನ. ಕಬ್ಬಿಣದ ಎತ್ತಿಡುವ ಬ್ಯಾರಿಕೇಡ್ ಹಾಕಿ ಮೂರು ತಿಂಗಳು ನೋಡಿ. ಗ್ರಾನೈಟ್ ಹಾಸುವುದು ಆಮೇಲೆ.

ಕೆಡುವುದು ಎಲ್ಲೆಲ್ಲಿ ಎಂದು ಮೊದಲೇ ತಿಳಿದಿರಲಿ. ಆಟೋ ಸುಮಾರು 1.3 ಮೀಟರ್ ಅಗಲ. ಗಾಲಿಕುರ್ಚಿಗೆ 0.9 ಮೀಟರ್ ತೆರವು ಬೇಕು. ವಾಹನ ತಡೆಯಲು ರಸ್ತೆಯ ತುದಿಗೆ ಹಾಕುವ, ಎತ್ತಿಡಬಹುದಾದ ಕಂಬಗಳ ನಡುವೆ 1 ಮೀಟರ್ ಬಿಟ್ಟರೆ ಗಾಲಿಕುರ್ಚಿ ಹಾಯುತ್ತದೆ, ಆಟೋ ಹಾಯುವುದಿಲ್ಲ. ಆದರೆ ಬೈಕಿನ ಹ್ಯಾಂಡಲ್ 0.8 ಮೀಟರೂ ಇಲ್ಲ, ಅದು ಸಲೀಸಾಗಿ ನುಗ್ಗುತ್ತದೆ. ಕಂಬ ಬೈಕನ್ನು ತಡೆಯದು, ಸೀಟಿ ಹಿಡಿದ ಮನುಷ್ಯ ಬೇಕು. ಆ ಕಂಬ ಎತ್ತಿಟ್ಟರೆ ಅಗ್ನಿಶಾಮಕ ವಾಹನಕ್ಕೆ ನಡುವೆ 4 ಮೀಟರ್ ಯಾವಾಗಲೂ ತೆರವಿರಬೇಕು. ಕಲ್ಲುಬೆಂಚು, ಹೂಕುಂಡ ಅಲ್ಲಿ ಬೇಡ. ಸರಕು ಇಳಿಸಲು ಬೆಳಗ್ಗೆ 10ರೊಳಗೆ, ರಾತ್ರಿ 9:30ರ ಮೇಲೆ. ಎರಡೂ ತುದಿಗೆ ಆಟೋ ಸ್ಟ್ಯಾಂಡು, ಏಕೆಂದರೆ ಮೊಣಕಾಲು ನೋವಿನ ಅಜ್ಜಿ 200 ಮೀಟರಿಗಿಂತ ಹೆಚ್ಚು ನಡೆಯುವುದಿಲ್ಲ. ಸುತ್ತಲಿನ ಗಣಪತಿ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿಗಳಿಗೆ ಬೈಕುಗಳೆಲ್ಲ ಹೊರಳುತ್ತವೆ. ಅಲ್ಲಿಯ ಅಂಗಡಿಯವರನ್ನು ಕೂಡಿಸಿಕೊಳ್ಳದೆ ಶುರು ಮಾಡಿದರೆ ಎರಡನೆಯ ವಾರವೇ ಜಗಳ.

ರಸ್ತೆ ಮಾಡುವವರಿಗೂ ಒಂದು ಮಾತು ಹೇಳಿ. ಹಳೆ ಡಾಂಬರು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ರಸ್ತೆ ಏರಿ ಅಂಗಡಿಯ ಹೊಸ್ತಿಲು ತಗ್ಗಾಗುತ್ತದೆ. ಜೂನ್‌ನ ಮೊದಲ ಜೋರು ಮಳೆಗೆ ನೀರು ಒಳಗೆ. ನಿಮ್ಮದು ಪಾದರಕ್ಷೆ ಅಂಗಡಿ, ಕೆಳಗಿನ ಸಾಲಿನ ಡಬ್ಬಿಗಳೆಲ್ಲ ಹೋದವು. ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು. ಮೀರಿದರೆ ಸೀರೆ ಉಟ್ಟವರು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ.

ನಾವು ಗಾಡಿ ಮ್ಯಾಗ ಬಳಿ, ಕ್ಲಿಪ್ಪು ಮಾರತೀವಿ. ರಸ್ತಾ ಚಂದ ಮಾಡಿದ ಮ್ಯಾಲೆ ನಮ್ಮನ್ನ ಎಬ್ಬಸತಾರೇನ್ರಿ? (ಬೀದಿ ವ್ಯಾಪಾರಿ, ಬೆಳಗಾವಿ)

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಈಗಿರುವವರನ್ನು ಎಬ್ಬಿಸುವಂತಿಲ್ಲ. ಪಾಲಿಕೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳು. ನಿಮ್ಮ ಗುರುತಿನ ಚೀಟಿ ಈಗಲೇ ಮಾಡಿಸಿಕೊಳ್ಳಿ, ಗಾಡಿಯ ಜಾಗದ ಫೋಟೋ ದಿನಾಂಕ ಸಮೇತ ಇಟ್ಟುಕೊಳ್ಳಿ. ಮಾಲಿನ ಅಂಗಳ ಖಾಸಗಿ ಜಾಗ, ಅಲ್ಲಿ ಗಾಡಿ ನಿಲ್ಲಿಸುವ ಹಕ್ಕು ನಿಮಗಿಲ್ಲ. ಹಳೆ ಪೇಟೆ ಉಳಿಯಲಿ ಎನ್ನುವುದಕ್ಕೆ ನಮ್ಮ ಬಳಿ ಇರುವ ಕಾರಣಗಳಲ್ಲಿ ಇದೂ ಒಂದು.

ಮಾಲಿನ ಮೇಲಿನ ಫ್ಲ್ಯಾಟು ನೋಡಿದ್ದೇವೆ. ಕೆಳಗಿಳಿದರೆ ಎಲ್ಲ ಸಿಗುತ್ತದೆ ಎನ್ನುತ್ತಾರೆ ಮಕ್ಕಳು. ಏನು ನೋಡಿ ತೆಗೆದುಕೊಳ್ಳಬೇಕು? (ಗೃಹಿಣಿ, ಹಿಂದವಾಡಿ)

ಮಕ್ಕಳ ಮಾತು ಸುಳ್ಳಲ್ಲ. ಬೆಳಗಾವಿಯ ‘ರವಿವಾರ ಪೇಟೆ’ ಎಂಬ ಓಣಿಯಲ್ಲಿ ಕೆಳಗೆ ದುಕಾನ, ಮೇಲೆ ಮನೆ ಇಟ್ಟುಕೊಂಡವರು ತಲೆಮಾರಿನಿಂದ ಅನುಭವಿಸುತ್ತಿರುವ ಸುಖ ಅದು. ವ್ಯತ್ಯಾಸ ಯಂತ್ರಗಳಲ್ಲಿದೆ. ಫ್ಲ್ಯಾಟು ನೋಡಲು ರವಿವಾರ ಬೆಳಗ್ಗೆ ಹೋಗಬೇಡಿ, ಶನಿವಾರ ರಾತ್ರಿ 10ರ ಮೇಲೆ ಹೋಗಿ. ಬೆಡ್‌ರೂಮಿನ ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಎಸಿ ಚಿಲ್ಲರಿನ ಗುಂಯ್‌ಗುಡುವಿಕೆ, ಹೋಟೆಲ್ ಅಡುಗೆಮನೆಯ ಹೊಗೆಕೊಳವೆಯ ವಾಸನೆ, ಲಾರಿಯ ರಿವರ್ಸ್ ಬೀಪ್, ಮೂರೂ ಗೊತ್ತಾಗುತ್ತವೆ. ವಸತಿ ಪ್ರದೇಶಕ್ಕೆ ರಾತ್ರಿ ಶಬ್ದಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 55.

ಜನರೇಟರಿನ ಹೊಗೆಕೊಳವೆ ಎಲ್ಲಿ ಮುಗಿಯುತ್ತದೆ ಎಂದು ಕೇಳಿ. ನಿಯಮದ ಪ್ರಕಾರ ಕಟ್ಟಡದ ಎತ್ತರದ ಮೇಲೆ, ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಸಂಖ್ಯೆಯ ವರ್ಗಮೂಲದ 0.2 ಪಾಲಿನಷ್ಟು ಮೀಟರ್ ಏರಬೇಕು. 400 ಕೆವಿಎ ಜನರೇಟರಿಗೆ ಅದು 4 ಮೀಟರ್. ಮೂರನೆಯ ಮಹಡಿಗೇ ಕೊಳವೆ ಮುರಿದು ಪಕ್ಕಕ್ಕೆ ತಿರುಗಿಸಿದ್ದರೆ ಆ ಫ್ಲ್ಯಾಟು ಬೇಡ. ಲಿಫ್ಟು, ನೀರಿನ ಟ್ಯಾಂಕು, ಕರೆಂಟ್ ಮೀಟರು, ಸಂಘ ನಾಲ್ಕೂ ಅಂಗಡಿಗಳಿಂದ ಬೇರೆ ಇರಬೇಕು. ಒಂದೇ ಸಂಘವಿದ್ದರೆ ಮಾಲಿನ ಎಸಿ ಬಿಲ್ಲಿಗೆ ನೀವೂ ಪಾಲುದಾರರು.

ಅಮೆರಿಕದಲ್ಲಿ ಮಾಲುಗಳು ಮುಚ್ಚುತ್ತಿವೆ, ನಾವೇಕೆ ಕಟ್ಟುತ್ತಿದ್ದೇವೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲು ಮಿನಸೋಟಾದ ಎಡೈನಾದಲ್ಲಿ 1956ರಲ್ಲಿ ಶುರುವಾಯಿತು, ಹೆಸರು ಸೌತ್‌ಡೇಲ್. ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಅದರ ಸುತ್ತ ಮನೆ, ಶಾಲೆ, ಆಸ್ಪತ್ರೆ ಎಲ್ಲ ಬರಲಿ ಎಂದು ಯೋಜಿಸಿದ್ದ. ಬಂದದ್ದು ಹೆಚ್ಚಾಗಿ ಪಾರ್ಕಿಂಗ್. ಊರ ನಡುವಿನ ಪೇಟೆ ಸೊರಗಿತು. ಹಳೆ ಪೇಟೆ ಉಳಿಸಲು 1959ರಲ್ಲಿ ಕಲಾಮಜೂ ಎಂಬ ಊರು ಮುಖ್ಯರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು. ಅದನ್ನು ನೋಡಿ ಎಷ್ಟೋ ಊರುಗಳು ಹಾಗೇ ಮಾಡಿದವು, ಹೆಚ್ಚಿನವು ಮತ್ತೆ ಕಾರು ಓಡಾಡಲು ಬಿಟ್ಟವು. ಮೇಲ್ಮಹಡಿಯಲ್ಲಿ ವಾಸಿಸುವವರು ಇರದದ್ದೂ ಒಂದು ಕಾರಣ. ಆಮೇಲೆ ಬಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಸಂಟಾನಾ ರೋ ತರಹದವು (2002). ಅಂಗಡಿಯ ಮೇಲೆ ಮನೆ, ನಡುವೆ ಬೀದಿ, ಮರ, ಬೆಂಚು. ನೋಡಲು ಪೇಟೆ, ಒಡೆತನ ಒಂದೇ ಕಂಪನಿಯದು. ಅವರು ಪೇಟೆ ಕಳೆದುಕೊಂಡು ಪೇಟೆಯ ನಕಲು ಕಟ್ಟಿದರು. ನಮ್ಮಲ್ಲಿ ಬೆಂಗಳೂರಿನ ಒರಾಯನ್ ಮಾಲು ಇರುವ ಆವರಣದಲ್ಲೂ ಮನೆ, ಹೋಟೆಲು, ಆಫೀಸು, ಆಸ್ಪತ್ರೆ ಒಟ್ಟಿಗಿವೆ. ಬೆಂಗಳೂರಿನಂಥ ಊರಿಗೆ ಅದು ಸರಿಹೋಗಬಹುದು. ಬೆಳಗಾವಿಯಲ್ಲಿ ಅಸಲು ಇನ್ನೂ ಉಸಿರಾಡುತ್ತಿದೆ.

ನವನಗರದಾಗ ರಸ್ತಾ ಅಗಲ, ಸೆಕ್ಟರಿಗೊಂದು ಅಂಗಡಿ ಸಾಲು. ಆದ್ರೂ ಸೀರಿ ತಗೊಳ್ಳಾಕ ಹಳೇ ಊರಿಗೇ ಹೋಗತೀವಿ. ಯಾಕ? (ಓದುಗರು, ಬಾಗಲಕೋಟೆ)

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು, ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದಾಗ ಮನೆ ಸ್ಥಳಾಂತರಿಸಬಹುದು, ಪೇಟೆಯನ್ನಲ್ಲ. ಪೇಟೆಯ ರಸ್ತೆಯಲ್ಲಿ ಈಚೆ ನಿಂತವರಿಗೆ ಆಚೆಯ ಅಂಗಡಿಯ ಸೀರೆಯ ಸೆರಗು ಕಾಣಬೇಕು. ಹನ್ನೆರಡು ಹದಿನೈದು ಮೀಟರಿಗೆ ಕಾಣುತ್ತದೆ, ಮೂವತ್ತು ಮೀಟರಿಗೆ ಕಾಣುವುದಿಲ್ಲ. ಎರಡನೆಯದು, ಇಳಕಲ್ ಸೀರೆ ನೋಡುವವರಿಗೆ ಹತ್ತು ಅಂಗಡಿ ಒಟ್ಟಿಗೆ ಬೇಕು, ಪಕ್ಕದಲ್ಲೇ ಗುಳೇದಗುಡ್ಡ ಖಣ, ಫಾಲು-ಪೀಕೋ ಮಾಡುವವರು, ಉದ್ರಿ ಕೊಡುವ ಸಗಟು ವ್ಯಾಪಾರಿ. ಸೆಕ್ಟರಿಗೊಂದು ಎಂದು ಹಂಚಿದರೆ ಯಾವುದೂ ಗುಂಪಾಗುವುದಿಲ್ಲ. ಹಾಲು, ಔಷಧಿ, ಕಿರಾಣಿಗೆ ಸೆಕ್ಟರ್ ಅಂಗಡಿ ಬಹಳ ಸರಿ.

ಪೇಟೆಗೆ ಬರಬೇಕೆಂದರೆ ನೀರು ಕುಡಿಯದೆ ಬರುತ್ತೇವೆ, ಶೌಚಾಲಯ ಇಲ್ಲ. ಮಾಲಿಗೆ ಹೋಗುವುದು ಅದೊಂದಕ್ಕೇ. ನಿಮ್ಮ ಹಳೆ ಪೇಟೆಯ ಹೊಗಳಿಕೆ ಯಾರಿಗಾಗಿ? (ಕಾಲೇಜು ಉಪನ್ಯಾಸಕಿ, ಬೆಳಗಾವಿ)

ನ್ಯಾಯವಾದ ಸಿಟ್ಟು. ಮಾಲಿಗೂ ಪೇಟೆಗೂ ನಿಜವಾದ ವ್ಯತ್ಯಾಸ ಎಸಿಯಲ್ಲ, ಎಸ್ಕಲೇಟರಲ್ಲ. ಮಾಲಿಗೆ ಒಬ್ಬ ಮ್ಯಾನೇಜರ್ ಇದ್ದಾನೆ, ಪೇಟೆಗೆ ಇಲ್ಲ. ಬಲ್ಬು ಹೋದರೆ, ನಲ್ಲಿ ಮುರಿದರೆ ಯಾರಿಗೆ ಫೋನು ಮಾಡಬೇಕು ಎಂಬುದಕ್ಕೆ ಪೇಟೆಯಲ್ಲಿ ಉತ್ತರವಿಲ್ಲ.

ಕೆನಡಾದ ಟೊರೊಂಟೊದ ಬ್ಲೂರ್ ವೆಸ್ಟ್ ಎಂಬ ಪೇಟೆಯ ವ್ಯಾಪಾರಿಗಳು 1970ರಲ್ಲಿ ತಮ್ಮ ಮೇಲೆ ತಾವೇ ಒಂದು ವಂತಿಗೆ ಹಾಕಿಕೊಂಡು ಈ ಕೆಲಸಕ್ಕೆ ವ್ಯವಸ್ಥೆ ಮಾಡಿದರು. ಇಲ್ಲಿಯೂ ಆಗುತ್ತದೆ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. 120 ಅಂಗಡಿಗಳು ತಿಂಗಳಿಗೆ 500 ರೂಪಾಯಿ ಹಾಕಿದರೆ 60,000. ಪಾರ್ಕಿಂಗಿಗೆ ಇಬ್ಬರು, ಶೌಚಾಲಯಕ್ಕೆ ಒಬ್ಬ ಮಹಿಳೆ, ಉಳಿದದ್ದು ನೀರು, ಬಲ್ಬು, ರಿಪೇರಿಗೆ. ಮೊದಲ ಪ್ರಶ್ನೆಯ ಬಟ್ಟೆ ವ್ಯಾಪಾರಿ ಮಾಲಿನಲ್ಲಿ ಇದಕ್ಕೇ 9,800 ಕೊಡಬೇಕಿತ್ತು.

ಶೌಚಾಲಯ ಕಟ್ಟಿದರೂ ಕೆಡುವುದು ನೀರಿನಿಂದ. ದಿನಕ್ಕೆ 200 ಮಂದಿ, ತಲಾ 8 ಲೀಟರಿನಂತೆ 1,600 ಲೀಟರ್ ಬೇಕು. ಸಾವಿರ ಲೀಟರಿನ ಟ್ಯಾಂಕು ಇಟ್ಟರೆ ಮಧ್ಯಾಹ್ನ ನಾಲ್ಕಕ್ಕೆ ಖಾಲಿ, ಜನ ಬರುವುದು ಐದಕ್ಕೆ. 2,000 ಲೀಟರಿನದೇ ಇಡಿ. ಒಳಗಿನಿಂದ ಹಾಕುವ ಚಿಲಕ ಗಟ್ಟಿ ಇರಲಿ, ಮುಚ್ಚಳವಿರುವ ಕಸದ ಡಬ್ಬಿ ಪ್ರತಿ ಕೋಣೆಯಲ್ಲೂ ಇರಲಿ. ಬಾಗಿಲಿನ ಹಿಂದೆ ಭುಜದೆತ್ತರಕ್ಕೆ ಎರಡು ಗಟ್ಟಿ ಕೊಕ್ಕೆ ಹಾಕಿಸಿ. ಪೇಟೆಗೆ ಬಂದವರ ಎರಡೂ ಕೈಯಲ್ಲಿ ಚೀಲ ಇರುತ್ತದೆ, ಒದ್ದೆ ನೆಲದ ಮೇಲೆ ಹೊಸ ಸೀರೆಯ ಚೀಲ ಇಡಲು ಯಾರೂ ಒಪ್ಪುವುದಿಲ್ಲ.